ನಿಮಗಿದು ಗೊತ್ತೇ? ಗುಣಿಸಿ ಕೂಡಿದರೆ ಮುಗಿಯಿತು!

ಹತ್ತನೇ ತರಗತಿಯಲ್ಲಿ ಬಹುಪದೋಕ್ತಿಗಳ ಪಾಠ ಮುಗಿಸಿ, ‘ಇದೆಲ್ಲ ಯಾವ ಕೆಲಸಕ್ಕೆ ಬರುತ್ತದೆ ಸಾರ್?’ ಎಂದು ಕೇಳದ ವಿದ್ಯಾರ್ಥಿ ಅಪರೂಪ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಒಂದು ಸುತ್ತು ಹಾಕಿ ಬಂದರೆ ಉತ್ತರ ತಾನಾಗಿ ಸಿಗುತ್ತದೆ. ಮಂಡಿಯಲ್ಲಿ, ಇಟ್ಟಿಗೆ ಗೂಡಿನಲ್ಲಿ, ಡೇರಿಯಲ್ಲಿ, ಹೆದ್ದಾರಿಯಲ್ಲಿ ಯಾವುದೋ ಒಂದು ಸಣ್ಣ ಸಾಫ್ಟ್‌ವೇರ್ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಸದ್ದಿಲ್ಲದೆ ಬಹುಪದೋಕ್ತಿಯ ಬೆಲೆ ಕಟ್ಟುವ ಲೆಕ್ಕ ಮಾಡುತ್ತಿರುತ್ತದೆ. (ಚರಾಕ್ಷರವನ್ನು ಇಲ್ಲಿ ‘ಕ’ ಎಂದು ಬರೆದಿದ್ದೇವೆ.)

ಮಂಡಿಯಿಂದ ಹೆದ್ದಾರಿಯವರೆಗೆ

1. ಕೋಲಾರದ ಟೊಮೆಟೊ ಮಂಡಿಯ ಪಕ್ಕದ ಟೀ ಅಂಗಡಿಯಲ್ಲಿ ಕ್ಯೂಆರ್ ಕೋಡ್‌ನ ಒಂದು ಮೂಲೆಗೆ ಚಹಾ ಚೆಲ್ಲಿ ಕಲೆಯಾಗಿದ್ದರೂ ದುಡ್ಡು ಹೋಗುತ್ತದಲ್ಲ, ಅದು ಬಹುಪದೋಕ್ತಿಯ ಕೃಪೆ! ಕೋಡ್‌ನ ಕಪ್ಪು ಬಿಳಿ ಚೌಕಗಳನ್ನು ಫೋನ್ ಒಂದು ಬಹುಪದೋಕ್ತಿಯ ಸಹಗುಣಕಗಳೆಂದು ಓದಿಕೊಂಡು, ಗೊತ್ತುಮಾಡಿದ ಕೆಲವು ಬೆಲೆಗಳಲ್ಲಿ ಅದನ್ನು ಲೆಕ್ಕ ಹಾಕುತ್ತದೆ. ಎಲ್ಲ ಕಡೆ ಸೊನ್ನೆ ಬಂದರೆ ಕೋಡ್ ಸರಿಯಿದೆ. ಬರದಿದ್ದರೆ, ಬಂದ ಉತ್ತರಗಳಿಂದಲೇ ತಪ್ಪು ಎಲ್ಲಿದೆ, ಎಷ್ಟಿದೆ ಎಂದು ಪತ್ತೆಹಚ್ಚಿ ತಿದ್ದಿಕೊಳ್ಳುತ್ತದೆ. ರೀಡ್ ಮತ್ತು ಸಾಲೊಮನ್ ಈ ವಿಧಾನ ಕೊಟ್ಟದ್ದು 1960ರಲ್ಲಿ. ಜಪಾನಿನ ಡೆನ್ಸೊ ವೇವ್ ಕ್ಯೂಆರ್ ಕೋಡ್ ತಂದದ್ದು 1994ರಲ್ಲಿ.

2. ಆ ಲೆಕ್ಕ ನಡೆಯುವ ಸಂಖ್ಯಾಲೋಕದಲ್ಲಿ ಇರುವುದು ಒಟ್ಟು 256 ಸಂಖ್ಯೆಗಳು ಮಾತ್ರ. ಅಲ್ಲಿ ಒಂದಕ್ಕೆ ಒಂದು ಕೂಡಿದರೆ ಎರಡಲ್ಲ, ಸೊನ್ನೆ!

3. ಮುಳಬಾಗಿಲು ದಾಟಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಓಡುವ ಲಾರಿಯ ಜಿಪಿಎಸ್, ಉಪಗ್ರಹದ ಗಡಿಯಾರವನ್ನು ನೇರವಾಗಿ ನಂಬುವುದಿಲ್ಲ. ಪ್ರತಿ ಉಪಗ್ರಹವೂ ತನ್ನ ಗಡಿಯಾರದ ತಪ್ಪನ್ನು ಮೂರು ಸಹಗುಣಕಗಳಲ್ಲಿ ತಾನೇ ಒಪ್ಪಿಸುತ್ತದೆ. ಜಿಪಿಎಸ್ ಅದರಿಂದ ಎರಡನೇ ಘಾತದ ಬಹುಪದೋಕ್ತಿ ಲೆಕ್ಕ ಹಾಕಿ ಸಮಯ ಸರಿಮಾಡಿಕೊಳ್ಳುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದಲ್ಲಿ ಸುಮಾರು 300 ಮೀಟರ್ ಏರುಪೇರು. ನಮ್ಮದೇ ನಾವಿಕ್ ಉಪಗ್ರಹಗಳದ್ದೂ ಇದೇ ಪದ್ಧತಿ.

4. ಅಷ್ಟಕ್ಕೇ ಮುಗಿಯಲಿಲ್ಲ. ಆಕಾಶದ ಅಯಾನುಗೋಳ ಜಿಪಿಎಸ್ ಸಂಕೇತವನ್ನು ತುಸು ತಡಮಾಡುತ್ತದೆ. ಅದನ್ನು ಅಂದಾಜಿಸಲು ಉಪಗ್ರಹ ಎಂಟು ಸಹಗುಣಕ ಕಳಿಸುತ್ತದೆ. ನಾಲ್ಕು ನಾಲ್ಕರಂತೆ ಅವು ಮೂರನೇ ಘಾತದ ಎರಡು ಬಹುಪದೋಕ್ತಿಗಳಾಗುತ್ತವೆ. ಇದಕ್ಕೆ ಕ್ಲೊಬುಚಾರ್ ಮಾದರಿ ಎಂದು ಹೆಸರು.

5. ಮೊಬೈಲ್ ತೆರೆಯ ಮೇಲೆ ‘ಮುಳಬಾಗಿಲು’ ಎಂದು ಓದುವಾಗ ಕಾಣುವ ಅಕ್ಷರಗಳ ಗುಂಡು ತಿರುವುಗಳೂ ಬಹುಪದೋಕ್ತಿಗಳೇ. ಟ್ರೂಟೈಪ್ ಫಾಂಟ್‌ಗಳಲ್ಲಿ ಪ್ರತಿ ತಿರುವೂ ಎರಡನೇ ಘಾತದ್ದು. ಪೋಸ್ಟ್‌ಸ್ಕ್ರಿಪ್ಟ್ ಮೂಲದ ಫಾಂಟ್‌ಗಳಲ್ಲಿ ಮೂರನೇ ಘಾತದ್ದು. ಕನ್ನಡದಷ್ಟು ದುಂಡಗಿನ ಲಿಪಿಗೆ ಈ ಲೆಕ್ಕ ಪುಟಕ್ಕೆ ಸಾವಿರಾರು ಸಲ ನಡೆಯುತ್ತದೆ.

6. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ತೋತಾಪುರಿ ರಾಶಿಯ ಫೋಟೊ ತೆಗೆದರೆ ಅಂಚಿನ ಕಂಬ ಬಿಲ್ಲಿನಂತೆ ಬಾಗಿ ಕಾಣಬಹುದು. ಅದು ಮಸೂರದ ದೋಷ. ಇದನ್ನು ತಿದ್ದುವ ಓಪನ್‌ಸಿವಿಯಂಥ ಲೈಬ್ರರಿ, ಚಿತ್ರದ ನಡುವಿನಿಂದ ಆ ಬಿಂದುವಿಗಿರುವ ದೂರದ 2, 4, 6ನೇ ಘಾತಗಳ ಬಹುಪದೋಕ್ತಿ ಬಳಸುತ್ತದೆ. ಎಲ್ಲವೂ ಸರಿಸಂಖ್ಯೆಯ ಘಾತಗಳಾದ್ದರಿಂದ ದೂರದ ವರ್ಗವನ್ನು ಒಮ್ಮೆ ಮಾಡಿಟ್ಟುಕೊಂಡರೆ ಸಾಕು.

7. ಕೋಲಾರದ ಕೆರೆಗಳನ್ನು ಮೇಲಿನಿಂದ ನೋಡುವುದಕ್ಕೂ ಬಹುಪದೋಕ್ತಿಯೇ ಬೇಕು. 2005ರ ಮೇ 5ರಂದು ಹಾರಿದ ಇಸ್ರೊದ ಕಾರ್ಟೊಸ್ಯಾಟ್-1ರ ಚಿತ್ರಗಳ ಜೊತೆ ಸಹಗುಣಕಗಳ ಪಟ್ಟಿಯೊಂದು ಬರುತ್ತಿತ್ತು. ನೆಲದ ಮೇಲಿನ ಜಾಗ ಚಿತ್ರದ ಯಾವ ಚುಕ್ಕಿಗೆ ಹೊಂದುತ್ತದೆ ಎಂದು ಹೇಳಲು ಮೂರನೇ ಘಾತದ ನಾಲ್ಕು ಬಹುಪದೋಕ್ತಿ, ಒಂದೊಂದರಲ್ಲಿ 20 ಪದ, ಒಟ್ಟು 80 ಸಹಗುಣಕ. ಕೆರೆಯ ಅಂಚು ನಕ್ಷೆಯಲ್ಲಿ ಸರಿಯಾದ ಸರ್ವೆ ನಂಬರಿನ ಮೇಲೆ ಕೂರಬೇಕಾದರೆ ಇವು ಬೇಕೇ ಬೇಕು.

ಗೂಡಿನಲ್ಲಿ, ಡೇರಿಯಲ್ಲಿ

8. ಮಾಲೂರು ಎಂದರೆ ಇಟ್ಟಿಗೆ, ಹೆಂಚು. ಸುಡುವ ಗೂಡಿನೊಳಕ್ಕೆ ‘ಕೆ’ ಮಾದರಿಯ ಥರ್ಮೋಕಪಲ್ ಇಳಿಬಿಟ್ಟರೆ ಅದು ಕೊಡುವುದು ಡಿಗ್ರಿಯನ್ನಲ್ಲ, ಮಿಲಿವೋಲ್ಟನ್ನು. 1000 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 41.3 ಮಿಲಿವೋಲ್ಟ್. ಇವೆರಡರ ಸಂಬಂಧ ಹೇಳುವ ಅಂತರರಾಷ್ಟ್ರೀಯ ಸೂತ್ರ ಒಂಬತ್ತನೇ ಘಾತದ ಬಹುಪದೋಕ್ತಿ. ಅದರ ಮೇಲೆ ಇನ್ನೊಂದು ಘಾತೀಯ ಪದ.

9. ಆ ಸೂತ್ರದ ಕೊನೆಯ ಸಹಗುಣಕದಲ್ಲಿ ದಶಮಾಂಶ ಬಿಂದುವಿನ ನಂತರ 25 ಸೊನ್ನೆಗಳು, ಆಮೇಲೆ 121. ‘ಇಷ್ಟು ಪುಟ್ಟ ಸಂಖ್ಯೆ, ಬಿಟ್ಟರೇನು?’ ಅನ್ನಿಸುತ್ತದೆ. ಆದರೆ 1000ದ ಒಂಬತ್ತನೇ ಘಾತ ಎಂದರೆ ಒಂದರ ಮುಂದೆ 27 ಸೊನ್ನೆ! ಎರಡನ್ನೂ ಗುಣಿಸಿದರೆ 12 ಮಿಲಿವೋಲ್ಟ್. ಅದನ್ನು ಬಿಟ್ಟ ಕೋಡು ಗೂಡಿನ ಉಷ್ಣತೆಯನ್ನು 100 ಡಿಗ್ರಿಗೂ ಹೆಚ್ಚು ತಪ್ಪಾಗಿ ಹೇಳುತ್ತದೆ.

10. ಹಾಲು ತಂಪು ಮಾಡುವ ಬಿಎಂಸಿ ಟ್ಯಾಂಕ್‌ಗಳಲ್ಲಿ ಹಾಲನ್ನು ಸುಮಾರು 4 ಡಿಗ್ರಿಯಲ್ಲಿ ಇಡುತ್ತಾರೆ. ಇಂಥ ಕಡೆ ಬಳಸುವ ಪಿಟಿ-100 ಸಂವೇದಕ ಪ್ಲಾಟಿನಂ ತಂತಿಯದು: ಸೊನ್ನೆ ಡಿಗ್ರಿಯಲ್ಲಿ 100 ಓಮ್ ರೋಧ, 4 ಡಿಗ್ರಿಯಲ್ಲಿ 101.562 ಓಮ್. ಸೊನ್ನೆಯಿಂದ ಮೇಲೆ ಈ ಲೆಕ್ಕಕ್ಕೆ ಎರಡನೇ ಘಾತ ಸಾಕು. ಸೊನ್ನೆಗಿಂತ ಕೆಳಗಿಳಿದರೆ ನಾಲ್ಕನೇ ಘಾತ ಬೇಕು.

11. ಡೇರಿಯಲ್ಲಿ ಹಾಲು ಹಾಕಿದಾಗ ಚೀಟಿಯಲ್ಲಿ ಬರುವ ‘ಎಸ್‌ಎನ್‌ಎಫ್’ (ಕೊಬ್ಬು ಬಿಟ್ಟು ಉಳಿದ ಘನಾಂಶ) ಕೂಡ ಬಹುಪದೋಕ್ತಿಯೇ. ಲ್ಯಾಕ್ಟೋಮೀಟರ್ ಅಂಕದ ಕಾಲು ಭಾಗ, ಅದಕ್ಕೆ ಫ್ಯಾಟ್‌ನ ಒಂದು ಪಾಲು, ಕೊನೆಗೊಂದು ಸ್ಥಿರಾಂಕ. ರಿಚ್ಮಂಡ್ ಸೂತ್ರದ ಈ ರೂಪದಲ್ಲಿ ಎರಡು ಚರಾಕ್ಷರ, ಒಂದೇ ಘಾತ.

ಕೋಡಿನ ಒಳಗೆ

12. ಹತ್ತನೇ ಘಾತದ ಬಹುಪದೋಕ್ತಿಯನ್ನು ಪದಪದವಾಗಿ ಬಿಡಿಸಿ ಮಾಡಿದರೆ 55 ಗುಣಾಕಾರ. ಹಿಂದಿನ ಘಾತವನ್ನು ಉಳಿಸಿಕೊಂಡು ಮಾಡಿದರೆ 19. ಜಾಣತನದಿಂದ ಮಾಡಿದರೆ ಹತ್ತೇ ಹತ್ತು! ಆ ಜಾಣತನಕ್ಕೆ ಹಾರ್ನರ್ ವಿಧಾನ ಎಂದು ಹೆಸರು. ದೊಡ್ಡ ಘಾತದ ಸಹಗುಣಕದಿಂದ ಶುರುಮಾಡಿ, ‘ಕ’ದಿಂದ ಗುಣಿಸಿ, ಮುಂದಿನ ಸಹಗುಣಕ ಕೂಡಿ, ಪಟ್ಟಿ ಮುಗಿಯುವವರೆಗೆ ಇದನ್ನೇ ಮಾಡಿ. ಲೈಬ್ರರಿಯ ಹೊಟ್ಟೆಯಲ್ಲಿರುವುದು ಮೂರು ನಾಲ್ಕು ಸಾಲಿನ ಈ ಲೂಪ್ ಮಾತ್ರ.

13. ಕೋಲಾರದ ಪಿನ್ ಕೋಡ್ 563101 ಎಂದು ಫಾರ್ಮಿನಲ್ಲಿ ಟೈಪ್ ಮಾಡಿದಾಗ ಕಂಪ್ಯೂಟರಿಗೆ ಸಿಗುವುದು ಆರು ಬಿಡಿ ಅಕ್ಷರ. ಅದನ್ನು ಸಂಖ್ಯೆ ಮಾಡುವ ಕೋಡು ಹೀಗೆ ಸಾಗುತ್ತದೆ: 5, 56, 563, 5631, 56310, 563101. ಪ್ರತಿ ಸಲ ಹತ್ತರಿಂದ ಗುಣಿಸು, ಮುಂದಿನ ಅಂಕಿ ಕೂಡು. ಅಂದರೆ ಕ = 10 ಆದಾಗ ಐದನೇ ಘಾತದ ಬಹುಪದೋಕ್ತಿಯ ಬೆಲೆ!

14. ಅದೇ ಪಿನ್ ಕೋಡಿನಲ್ಲಿ ‘ಸೊನ್ನೆ ತಾನೇ’ ಎಂದು ಬಿಟ್ಟರೆ 56311 ಆಗಿ ಕಾಗದ ಎಲ್ಲಿಗೂ ತಲುಪುವುದಿಲ್ಲ. ಲೈಬ್ರರಿಗೆ ಸಹಗುಣಕ ಕೊಡುವಾಗಲೂ ಅಷ್ಟೆ. ಇಲ್ಲದ ಪದದ ಜಾಗಕ್ಕೆ ಸೊನ್ನೆ ಬರೆಯಲೇಬೇಕು.

15. ತಿಂಗಳಿಗೆ 1000 ರೂಪಾಯಿ, ನೂರಕ್ಕೆ ಒಂದು ರೂಪಾಯಿ ಬಡ್ಡಿ. ಸಂಘದ ಉಳಿತಾಯ ಪುಸ್ತಕದಲ್ಲಿ ಬಾಕಿ ಹೀಗೆ ಏರುತ್ತದೆ: 1000, 2010, 3030.10, 4060.40. ಹಳೇ ಬಾಕಿಯನ್ನು 1.01ರಿಂದ ಗುಣಿಸಿ ಈ ತಿಂಗಳ ಕಂತು ಕೂಡುವುದು ಎಂದರೆ ಹಾರ್ನರ್ ವಿಧಾನವೇ. ಹಾರ್ನರ್ ಹೆಸರು ಕೇಳದೆಯೂ ಪುಸ್ತಕ ಬರೆಯುವಾಕೆ ಅದನ್ನು ತಪ್ಪಿಲ್ಲದೆ ಮಾಡುತ್ತಾಳೆ.

16. ಪೈಥಾನ್‌ನ ನಂಪೈ ಲೈಬ್ರರಿಯಲ್ಲಿ ಒಂದೇ ಕೆಲಸಕ್ಕೆ ಎರಡು ಬಾಗಿಲು. 1, 2, 3 ಎಂಬ ಸಹಗುಣಕ ಪಟ್ಟಿಯನ್ನು ಹಳೆಯ ‘ಪಾಲಿವ್ಯಾಲ್’ಗೆ ಕೊಟ್ಟು ಕ = 10 ಎಂದರೆ 123 ಬರುತ್ತದೆ. ಹೊಸ ‘ಪಾಲಿನೋಮಿಯಲ್’ಗೆ ಅದೇ ಪಟ್ಟಿ ಕೊಟ್ಟರೆ 321! ಒಂದು ದೊಡ್ಡ ಘಾತದಿಂದ ಓದುತ್ತದೆ, ಇನ್ನೊಂದು ಸ್ಥಿರ ಪದದಿಂದ. ಮ್ಯಾಟ್‌ಲ್ಯಾಬ್ ಮೊದಲನೆಯದರ ಜಾತಿ, ಗ್ನೂ ಸೈಂಟಿಫಿಕ್ ಲೈಬ್ರರಿ ಎರಡನೆಯದರ ಜಾತಿ. ಎರಡೂ ಕಡೆ ಎರರ್ ಬರುವುದಿಲ್ಲ, ಉತ್ತರ ಮಾತ್ರ ಬೇರೆ. ಹೊಸದಾಗಿ ಬರೆಯುವ ಕೋಡಿಗೆ ಎರಡನೆಯದನ್ನೇ ಬಳಸಿ ಎನ್ನುತ್ತದೆ ನಂಪೈ ಕೈಪಿಡಿ.

17. ಯಾವ ಲೈಬ್ರರಿ ಕೈಗೆ ಬಂದರೂ ಮೂರು ಪರೀಕ್ಷೆ ಸಾಕು. ಕ = 0 ಆದರೆ ಸ್ಥಿರ ಪದವೇ ಬರಬೇಕು. ಕ = 1 ಆದರೆ ಸಹಗುಣಕಗಳ ಮೊತ್ತ. ಕ = 10 ಆದರೆ ಒಂದಂಕಿಯ ಸಹಗುಣಕಗಳು ಸಾಲಾಗಿ ನಿಂತು, ಪಟ್ಟಿಯನ್ನು ಯಾವ ಕಡೆಯಿಂದ ಓದುತ್ತಿದೆ ಎಂಬುದು ಬಯಲಾಗುತ್ತದೆ.

18. ಶಾಲೆಯಲ್ಲಿ ಮಾಡಿಸುವ ಸಂಶ್ಲೇಷಿತ ಭಾಗಾಕಾರದಲ್ಲಿ ಕೆಳಸಾಲಿನಲ್ಲಿ ಬರೆಯುವ ಸಂಖ್ಯೆಗಳೂ ಹಾರ್ನರ್ ಲೂಪಿನ ಒಂದೊಂದು ಸುತ್ತಿನ ಉತ್ತರಗಳೂ ಒಂದೇ. ಕೊನೆಯ ಸಂಖ್ಯೆ ಶೇಷ. ಶೇಷ ಪ್ರಮೇಯದ ಪ್ರಕಾರ ಅದೇ ಬಹುಪದೋಕ್ತಿಯ ಬೆಲೆ.

19. ಲೂಪಿಗೆ ಇನ್ನೊಂದೇ ಸಾಲು ಸೇರಿಸಿದರೆ ವಕ್ರರೇಖೆಯ ಇಳಿಜಾರೂ ಪುಕ್ಕಟೆ. 4ಕ³ + 3ಕ² + 5ಕ + 7ರಲ್ಲಿ ಕ = 6 ಇಡಿ. ಮೊದಲ ಸಾಲು: 4, 27, 167, 1009. ಆ ಸಾಲಿನ ಮೊದಲ ಮೂರು ಸಂಖ್ಯೆಗಳ ಮೇಲೆ ಮತ್ತೆ ಅದೇ ಆಟ: 4, 51, 473. ಬೆಲೆ 1009, ಇಳಿಜಾರು 473.

20. ಜಾವಾ ಭಾಷೆ ಪದಗಳನ್ನು ಗುರುತಿಸಲು ಮಾಡುವ ‘ಹ್ಯಾಶ್’ ಕೂಡ ಬಹುಪದೋಕ್ತಿ; ಅಲ್ಲಿ ಕ = 31. ‘ಕೋಲಾರ’ ಎಂಬುದು ಯೂನಿಕೋಡ್‌ನಲ್ಲಿ ಐದು ಸಂಖ್ಯೆ: 3221, 3275, 3250, 3262, 3248. ಸುತ್ತು ಸುತ್ತಾಗಿ 3221, 103126, 3200156, 99208098, 3075454286. ಆದರೆ ಜಾವಾದ ಪೂರ್ಣಾಂಕ ಪಾತ್ರೆ 2147483647ಕ್ಕೇ ತುಂಬಿಹೋಗುವುದರಿಂದ ಲೆಕ್ಕ ಸುತ್ತು ಹೊಡೆದು ಋಣ ಸಂಖ್ಯೆಯಾಗಿ ನಿಲ್ಲುತ್ತದೆ. ಹಾಗಾಗಿ ಜಾವಾದಲ್ಲಿ ‘ಕೋಲಾರ’ ಎಂದರೆ −1219513010!

21. ಪೈಥಾನ್ 3ರಲ್ಲಿ ‘೫೬೩೧೦೧’ ಎಂಬ ಕನ್ನಡ ಅಂಕಿಗಳ ಪಠ್ಯವನ್ನು ‘ಇಂಟ್’ಗೆ ಕೊಟ್ಟರೆ 563101 ಎಂದು ಸರಿಯಾಗಿ ಓದುತ್ತದೆ. ಕೋಡಿನಲ್ಲಿ ನೇರವಾಗಿ ಕನ್ನಡ ಅಂಕಿಯಲ್ಲಿ ಸಂಖ್ಯೆ ಬರೆದರೆ ಮಾತ್ರ ಒಪ್ಪುವುದಿಲ್ಲ.

22. ಚರಾಕ್ಷರಗಳಿಗೆ ‘ಬೆಲೆ’, ‘ಮೊತ್ತ’, ‘ಸಹಗುಣಕ’ ಎಂದು ಕನ್ನಡದಲ್ಲೇ ಹೆಸರಿಟ್ಟರೂ ಪೈಥಾನ್ ಓಡುತ್ತದೆ. ಆದರೆ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕೀಲಿಮಣೆ ನಡುವೆ ಸೇರಿಸುವ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ‘ಬಾಕ್ಸ್‌ಬೆಲೆ’ ಎಂಬ ಹೆಸರಿನಲ್ಲಿ ಅದು ನುಸುಳಿದರೆ ಕೋಡು ಅಲ್ಲೇ ನಿಲ್ಲುತ್ತದೆ. ತೆರೆಯ ಮೇಲೆ ತಪ್ಪು ಮಾತ್ರ ಕಾಣುವುದೇ ಇಲ್ಲ.

ಹಳಬರ ಲೆಕ್ಕ

23. ಇಂಗ್ಲೆಂಡಿನ ವಿಲಿಯಂ ಜಾರ್ಜ್ ಹಾರ್ನರ್ ತಮ್ಮ ಪ್ರಬಂಧ ಮಂಡಿಸಿದ್ದು 1819ರಲ್ಲಿ. ಚೀನಾದ ಚಿನ್ ಚಿಯುಶಾವೊ ಇದೇ ಕ್ರಮವನ್ನು 1247ರ ತಮ್ಮ ಗ್ರಂಥದಲ್ಲೇ ಬಳಸಿದ್ದರು. ಹೆಸರು ಮಾತ್ರ ಹಾರ್ನರ್ ಪಾಲಿಗೆ ಬಂತು.

24. ಕೇರಳದ ಸಂಗಮಗ್ರಾಮದ ಮಾಧವ (ಸುಮಾರು 1340–1425) ಸೈನ್ ಬೆಲೆಗೆ ಕೊಟ್ಟ ಸೂತ್ರ ಹನ್ನೊಂದನೇ ಘಾತದವರೆಗೆ ಹೋಗುತ್ತದೆ. ಐದು ಸಹಗುಣಕಗಳನ್ನು ಅಕ್ಷರಗಳೇ ಅಂಕಿಗಳಾಗುವ ಕಟಪಯಾದಿ ಸಂಖ್ಯೆಗಳಾಗಿ ಶ್ಲೋಕದಲ್ಲಿ ಅಡಗಿಸಿದ್ದಾರೆ. ಲೆಕ್ಕದ ಕ್ರಮವೂ ಅಲ್ಲೇ ಇದೆ: ಅತಿ ಚಿಕ್ಕದಾದ 44 ತೃತೀಯ ಕಲೆಗಳಿಂದ ಶುರು, ಕಂಸವನ್ನು 5400ರಿಂದ ಭಾಗಿಸಿ ಬಂದುದರ ವರ್ಗದಿಂದ ಗುಣಿಸು, ಮುಂದಿನ ಸಹಗುಣಕದಿಂದ ಕಳೆ, ಮತ್ತೆ ಗುಣಿಸು, ಮತ್ತೆ ಕಳೆ. ಬಾಯಿಪಾಠಕ್ಕೆ ಸಿಗುವ ಲೈಬ್ರರಿ ಇದು!

25. ಏಳನೇ ಶತಮಾನದ ಒಂದನೇ ಭಾಸ್ಕರ, ಕೋಷ್ಟಕವೇ ಬೇಡದ ಸೈನ್ ಸೂತ್ರ ಕೊಟ್ಟರು. ಡಿಗ್ರಿಯನ್ನು, 180ರಿಂದ ಅದನ್ನು ಕಳೆದುದರಿಂದ ಗುಣಿಸಿ. ಆ ಗುಣಲಬ್ಧದ ನಾಲ್ಕರಷ್ಟನ್ನು, 40500ರಿಂದ ಅದೇ ಗುಣಲಬ್ಧ ಕಳೆದು ಬಂದುದರಿಂದ ಭಾಗಿಸಿ. 30 ಡಿಗ್ರಿಗೆ ಕರಾರುವಾಕ್ಕಾಗಿ ಅರ್ಧ. ಮಾಲೂರು ಇರುವುದು ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲಿ: ಸೂತ್ರದ ಉತ್ತರ 0.2266, ನಿಜ ಬೆಲೆ 0.2250. ತಮಾಷೆಯೆಂದರೆ ಈ ಸೂತ್ರ ಅತಿ ಹೆಚ್ಚು ತಪ್ಪುವ ಜಾಗ 11–12 ಡಿಗ್ರಿಯ ಆಸುಪಾಸು. ಮಾಲೂರಿನವರ ಪಾಲಿಗೆ ಹೆಚ್ಚುಕಡಿಮೆ ಪೂರ್ತಿ ತಪ್ಪೇ ಬಂದಿದೆ!

26. ‘ಕ’ದ ಹದಿನಾರನೇ ಘಾತಕ್ಕೆ 15 ಗುಣಾಕಾರ ಬೇಕಿಲ್ಲ, ವರ್ಗದ ಮೇಲೆ ವರ್ಗ ಮಾಡಿದರೆ ನಾಲ್ಕೇ ಸಾಕು. ಘಾತವನ್ನು ಅರ್ಧಿಸುತ್ತ ಹೋಗುವ ಈ ಉಪಾಯ ಪಿಂಗಳನ ಛಂದಶ್ಶಾಸ್ತ್ರದಲ್ಲಿದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಗುಣೋತ್ತರ ಶ್ರೇಢಿಯ ಮೊತ್ತಕ್ಕೆ ಅದನ್ನೇ ಹೂಡಿದ್ದಾರೆ.

27. ಚಾರ್ಲ್ಸ್ ಬ್ಯಾಬೇಜ್ 1822ರಲ್ಲಿ ಮುಂದಿಟ್ಟ ವ್ಯತ್ಯಾಸ ಯಂತ್ರದ ಕೆಲಸವೇ ಬಹುಪದೋಕ್ತಿಗಳ ಕೋಷ್ಟಕ ಮಾಡುವುದು, ಅದೂ ಗುಣಾಕಾರವೇ ಇಲ್ಲದೆ, ಬರೀ ಕೂಡಿಕೂಡಿ. ಅವರ ಎರಡನೇ ವಿನ್ಯಾಸದ ಲೆಕ್ಕ ಮಾಡುವ ಭಾಗವನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂ ಕಟ್ಟಿ ಮುಗಿಸಿದ್ದು 1991ರಲ್ಲಿ. ಏಳನೇ ಘಾತದವರೆಗೆ, 31 ಅಂಕಿಗಳ ನಿಖರತೆಯಲ್ಲಿ ಅದು ಲೆಕ್ಕ ಹಾಕುತ್ತದೆ.

28. ಹಾರ್ನರ್‌ಗಿಂತ ಕಡಿಮೆ ಗುಣಾಕಾರದಲ್ಲಿ ಆಗುವುದೇ? 1954ರಲ್ಲಿ ಅಲೆಕ್ಸಾಂಡರ್ ಒಸ್ಟ್ರೋವ್‌ಸ್ಕಿ ಎತ್ತಿದ ಪ್ರಶ್ನೆಗೆ 1966ರಲ್ಲಿ ವಿಕ್ಟರ್ ಪಾನ್ ಉತ್ತರಿಸಿದರು: ಯಾವುದೇ ಸಹಗುಣಕ ಕೊಟ್ಟರೂ ನಡೆಯುವಂಥ ವಿಧಾನ ಬೇಕೆಂದರೆ, ಆಗುವುದಿಲ್ಲ.

29. ಗುಣಾಕಾರ ಕಡಿಮೆಯಾಗದಿದ್ದರೇನು, ಹೊತ್ತು ಉಳಿಸಬಹುದು. ಏಳನೇ ಘಾತಕ್ಕೆ ಹಾರ್ನರ್ ಒಂದರ ಹಿಂದೊಂದು ಏಳು ಹೆಜ್ಜೆ ಇಡಬೇಕು. ಜೆರಾಲ್ಡ್ ಎಸ್ಟ್ರಿನ್ 1960ರಲ್ಲಿ ಹೇಳಿದಂತೆ ಪದಗಳನ್ನು ಜೋಡಿ ಜೋಡಿಯಾಗಿ ಒಟ್ಟಿಗೇ ಮಾಡಿದರೆ ಮೂರೇ ಹಂತ. ಏಕಕಾಲಕ್ಕೆ ಹಲವು ಲೆಕ್ಕ ಮಾಡಬಲ್ಲ ಇಂದಿನ ಚಿಪ್‌ಗಳಿಗೆ ಇದು ಹೇಳಿ ಮಾಡಿಸಿದ್ದು.

30. ‘ಗುಣಿಸು, ಕೂಡು’ ಎಷ್ಟು ಬೇಕಾದ ಕೆಲಸವೆಂದರೆ ಚಿಪ್‌ನಲ್ಲಿ ಅದಕ್ಕೇ ಒಂದು ಆದೇಶವಿದೆ. 1990ರ ಐಬಿಎಂ ಆರ್‌ಎಸ್/6000 ಯಂತ್ರಗಳಲ್ಲಿ ಅದು ಬಂತು, 2008ರ ಐಇಇಇ 754 ಮಾನಕಕ್ಕೂ ಸೇರಿತು. ಎರಡು ಸಲ ದುಂಡಾಗಿಸುವ ಬದಲು ಒಂದೇ ಸಲ. ಹಾಗಾಗಿ ತಪ್ಪೂ ಕಡಿಮೆ.

ಎಡವುವ ಜಾಗ

31. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತ್ತು. ಮುಂದಿನ ದರ ಬಹುಪದೋಕ್ತಿಯಿಂದ ಹೇಳಬಹುದೇ? ಉದಾಹರಣೆಗೆಂದು ಐದು ದಿನದ ದರ ಹಾಕಿಕೊಳ್ಳಿ: 300, 320, 310, 350, 340. ಈ ಐದೂ ಬಿಂದುಗಳ ಮೇಲೆ ಚಾಚೂ ತಪ್ಪದೆ ಹಾಯುವ ನಾಲ್ಕನೇ ಘಾತದ ಬಹುಪದೋಕ್ತಿ ಒಂದೇ ಒಂದಿದೆ. ಅದನ್ನು ಆರನೇ ದಿನಕ್ಕೆ ಎಳೆದರೆ ಬಾಕ್ಸಿನ ದರ ಸೊನ್ನೆ! ಏಳನೇ ದಿನ −1130. ಅಂದರೆ ರೈತನೇ ಬಾಕ್ಸಿಗೆ 1130 ರೂಪಾಯಿ ತೆತ್ತು ಮಾರಬೇಕು. ಲೈಬ್ರರಿ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ, ಕೇಳಿದ ಪ್ರಶ್ನೆಯೇ ತಪ್ಪು. ಇರುವ ಬಿಂದುಗಳ ನಡುವೆ ಬಹುಪದೋಕ್ತಿ ಬಹುಮಟ್ಟಿಗೆ ನಂಬಿಕಸ್ಥ. ಬಿಂದುಗಳ ಆಚೆ ಅದರ ಮಾತು ಕೇಳಿ ಬೆಳೆ ಇಟ್ಟವನು ಕೆಟ್ಟ.

32. ಬಿಂದುಗಳ ನಡುವೆಯೂ ಎಚ್ಚರ ತಪ್ಪುವಂತಿಲ್ಲ. ಸಮ ಅಂತರದ ಬಿಂದುಗಳಿಗೆ ಘಾತ ಏರಿಸುತ್ತ ಹೋದರೆ ಕೆಲವು ರೇಖೆಗಳ ಎರಡು ತುದಿಗಳಲ್ಲಿ ಏರಿಳಿತ ಹೆಚ್ಚುತ್ತ ಹೋಗುತ್ತದೆ. ಜರ್ಮನಿಯ ಕಾರ್ಲ್ ರುಂಗೆ ಇದನ್ನು 1901ರಲ್ಲೇ ತೋರಿಸಿದರು. ತುದಿಗಳ ಕಡೆ ಬಿಂದುಗಳನ್ನು ಒತ್ತೊತ್ತಾಗಿ ಇಡುವುದು ಒಂದು ಮದ್ದು.

33. 1ರಿಂದ 20ರವರೆಗಿನ ಸಂಖ್ಯೆಗಳೇ ಶೂನ್ಯತೆಗಳಾಗಿರುವ ಬಹುಪದೋಕ್ತಿಯಲ್ಲಿ ಹತ್ತೊಂಬತ್ತನೇ ಘಾತದ ಸಹಗುಣಕ −210. ಅದನ್ನು 0.00000012ರಷ್ಟು ಅಲುಗಿಸಿದರೆ ಸಾಕು, ಹತ್ತು ಶೂನ್ಯತೆಗಳು ವಾಸ್ತವ ಸಂಖ್ಯೆಗಳಾಗಿಯೇ ಉಳಿಯುವುದಿಲ್ಲ; 20 ಇದ್ದದ್ದು 20.8ರ ಮೇಲಕ್ಕೆ ಜಾರುತ್ತದೆ. ಇದನ್ನು ಕಂಡು ಬೆಚ್ಚಿದವರು ಬ್ರಿಟನ್ನಿನ ಜೇಮ್ಸ್ ವಿಲ್ಕಿನ್ಸನ್.

34. (ಕ − 1)ರ ಏಳನೇ ಘಾತವನ್ನು ಬಿಡಿಸಿ ಎಂಟು ಸಹಗುಣಕಗಳಾಗಿ ಬರೆದು, 0.99ರಿಂದ 1.01ರವರೆಗೆ ನಕ್ಷೆ ಎಳೆಸಿ ನೋಡಿ. ನುಣ್ಣಗಿರಬೇಕಾದ ಗೆರೆ ಗರಗಸದ ಹಲ್ಲಾಗುತ್ತದೆ. ನಿಜವಾದ ಬೆಲೆ ಅಲ್ಲಿ ಎಷ್ಟು ಸಣ್ಣದೆಂದರೆ ಕಂಪ್ಯೂಟರು ದುಂಡಾಗಿಸುವಾಗ ಉಳಿಯುವ ಕಸವೇ ಅದನ್ನು ಮುಚ್ಚಿಬಿಡುತ್ತದೆ. ಬಿಡಿಸದೆ, ಕಳೆದು ಬಂದುದನ್ನೇ ಏಳು ಸಲ ಗುಣಿಸಿದರೆ ಗೆರೆ ನುಣುಪು.

ಪೆನ್ನು ಕಾಗದಕ್ಕೊಂದು ಕೆಲಸ

35. ಒಂದು ಸಂಖ್ಯೆ 9ರಿಂದ ಭಾಗವಾಗುತ್ತದೆಯೇ ಎಂದು ನೋಡಲು ಅಂಕಿಗಳನ್ನು ಕೂಡುತ್ತೇವಲ್ಲ, ಅದು ಪಿನ್ ಕೋಡಿನಲ್ಲಿ ಕಂಡ ಅಂಕಿಗಳ ಬಹುಪದೋಕ್ತಿಯಲ್ಲಿ 10ರ ಬದಲು ಕ = 1 ಇಟ್ಟಂತೆ. 10ನ್ನು 9ರಿಂದ ಭಾಗಿಸಿದರೆ ಶೇಷ ಒಂದೇ ತಾನೇ! ಮಾಲೂರಿನ ಪಿನ್ ಕೋಡ್ 563130ರ ಅಂಕಿಗಳ ಮೊತ್ತ 18. ಹಾಗಾಗಿ ಅದು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

36. 11ಕ್ಕೆ ಕ = −1 ಇಡಬೇಕು, ಅಂದರೆ ಬಲದಿಂದ ಒಂದನ್ನು ಕೂಡು, ಮುಂದಿನದನ್ನು ಕಳೆ. ಕೋಲಾರದ 563101ಕ್ಕೆ 1 − 0 + 1 − 3 + 6 − 5 = 0. ನಿಶ್ಶೇಷ! ಶ್ರೀನಿವಾಸಪುರದ 563135ಕ್ಕೆ ಶೇಷ 1. ಮುಳಬಾಗಿಲಿನ 563131ಕ್ಕೆ ಎಷ್ಟು? ಲೆಕ್ಕದಲ್ಲಿ −3 ಬಂದರೆ ಗಾಬರಿಯಾಗಬೇಡಿ, ಅದಕ್ಕೆ 11 ಕೂಡಿ.

(ಉತ್ತರ: 8)